ಅಂಗೈಯಲ್ಲಿರದ ಕಲ್ಲು

ನೀರು ಕೊಡುವವನು ಚೆಂಬನ್ನು ಸೊಂಟದಿಂದ ಮೇಲೆ ಎತ್ತುತ್ತಿರಲಿಲ್ಲ. ಕುಡಿಯುವವರೇ ಬಗ್ಗಬೇಕು. ಬಗ್ಗಿ ಬೊಗಸೆ ಒಡ್ಡಬೇಕು. ಅರ್ಧ ನೀರು ಮೊಣಕೈಗುಂಟ ಹರಿದು ನೆಲಕ್ಕೆ ಬೀಳುತ್ತಿತ್ತು. ನೆಲ ಕುಡಿದಷ್ಟು ನೀರು ಮೌಲಮ್ಮನ ಗಂಟಲಿಗೆ ಇಳಿಯುತ್ತಿರಲಿಲ್ಲ.

ಸೇಡಂನಿಂದ ಚಿಂಚೋಳಿ ಕಡೆ ಹೋಗುವ ದಾರಿಯಲ್ಲಿ ಕಾಗಿಣಾ ಹೊಳೆಗೆ ಬೆನ್ನು ಕೊಟ್ಟು ಕುಳಿತ ಊರು ಅದು. ಸಿಮೆಂಟಿನ ಲಾರಿಗಳು ಊರೊಳಗೆ ನುಗ್ಗಬಾರದೆಂದು ಸರ್ಕಾರ ಹೊರಗಿನಿಂದ ಬೈಪಾಸ್ ರಸ್ತೆ ಮಾಡಲು ಹೊರಟಿತ್ತು. ರಸ್ತೆಯ ಗೆರೆ ಗುರುಲಿಂಗಪ್ಪ ಗೌಡರ ತೊಗರಿ ಹೊಲವನ್ನು ಸೀಳಿ, ಪಕ್ಕದ ಬೂದಿದಿಬ್ಬವನ್ನು ಹಾಯ್ದು ಹೋಗುತ್ತಿತ್ತು. ದಿಬ್ಬದ ಮೇಲೆ ಯಾರಿಗೋ ಕಲ್ಲಿನ ಕೊಡಲಿ ಸಿಕ್ಕಿತು. ಡಾಂಬರು ಬೀಳುವ ಮೊದಲು ಅಗೆದು ನೋಡಿ ಎಂದು ಮೇಲಿನಿಂದ ಆದೇಶ ಬಂತು. ಅಗೆಯುವವರು ಯಾರು? ಸಾಹೇಬರು ಪ್ಯಾಂಟು ಮಡಚಿಕೊಂಡು ಗುಂಡಿಗೆ ಇಳಿಯುತ್ತಾರೆಯೇ? ಮೌಲಮ್ಮನ ಕೇರಿಯ ಹೆಂಗಸರನ್ನು ಕರೆದರು. ಹೊಳೆದಂಡೆಯ ಅಂಬಿಗರ ಮನೆಯ ಹೀರಾಬಾಯಿಯೂ ಬಂದಳು. ಹೊಳೆಯಲ್ಲಿ ಮೀನಿಲ್ಲ, ದೋಣಿಗೆ ಕೆಲಸವಿಲ್ಲ, ಹೊಟ್ಟೆ ಮಾತ್ರ ಮೊದಲಿನಷ್ಟೇ ಇದೆ.

ಹಾರೆ ಗುದ್ದಲಿಯ ಕೆಲಸವಾಗಿದ್ದರೆ ಮೌಲಮ್ಮ ಅಂಜುತ್ತಿರಲಿಲ್ಲ. ಇದು ಬೇರೆ. ದಿನವಿಡೀ ಕುಕ್ಕರಗಾಲಿನಲ್ಲಿ ಕೂತು ಸಣ್ಣ ಕರಣಿಯಿಂದ ಮಣ್ಣನ್ನು ಪದರ ಪದರವಾಗಿ ಕೆರೆಯಬೇಕು. ಕೆರೆದ ಮಣ್ಣನ್ನು ಬುಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತು, ಆಚೆ ಒಯ್ದು ಜರಡಿ ಹಿಡಿಯಬೇಕು. ಬೂದಿ ಮೂಗಿಗೆ ಹೋಗಿ ಕೆಮ್ಮಿದರೆ ಕರೀ ಕಫ. ಸಂಜೆ ಎದ್ದು ನಿಲ್ಲುವಾಗ ಮೊಣಕಾಲು ಲಟಕ್ ಎನ್ನುತ್ತಿತ್ತು. ನೀರಿನ ಡ್ರಮ್ಮು ಗೌಡರ ಬೇವಿನಮರದ ಕೆಳಗೆ. ಡ್ರಮ್ಮು ಇಲಾಖೆಯದು, ನೆರಳು ಗೌಡರದು, ಚೆಂಬು ಹಿಡಿದವನು ಗೌಡರ ಮನೆಯ ಆಳು. ಅಗೆತ ನೋಡಿಕೊಳ್ಳುವ ಅತೀಯಾ ಮೇಡಂ ಕಲಬುರಗಿಯ ಹುಡುಗಿ. ಒಮ್ಮೆ ಅವಳು, "ಚೆಂಬು ಅವರ ಕೈಯಾಗ ಕೊಟ್ಟರ ಏನಾಗತದ?" ಎಂದು ಕೇಳಿದ್ದಳು.

"ನಮ್ಮೂರ ಪದ್ಧತಿರಿ ಮೇಡಂ" ಎಂದ ಅವನು.

ಮೇಡಂ ತಿರುಗಿ ಗುಂಡಿಯ ಕಡೆ ನಡೆದಳು. ಮೌಲಮ್ಮ ಅದನ್ನು ಮರೆಯಲಿಲ್ಲ.

ಒಂದು ದಿನ ಮೌಲಮ್ಮನ ಕರಣಿಯ ಕೆಳಗೆ ತಲೆಬುರುಡೆ ಕಾಣಿಸಿತು. ಕರಣಿ ಬಿಟ್ಟು ಬ್ರಶ್ ಹಿಡಿದಳು. ಹಸುಗೂಸಿನ ಮೂಗು ಒರೆಸುವ ಹಾಗೆ ಒರೆಸಿದಳು. ಹಣೆ, ದವಡೆ, ಭುಜ, ಪಕ್ಕೆಲುಬು. ಎಡಮಗ್ಗುಲಾಗಿ, ಮೊಣಕಾಲನ್ನು ಎದೆಗೆ ಎಳೆದುಕೊಂಡು, ಚಳಿಗೆ ಮುದುಡಿದಂತೆ ಮಲಗಿದ ಜೀವ. ಅತೀಯಾ ಮೇಡಂ ಮಣ್ಣಿನಲ್ಲಿ ಹೊಟ್ಟೆ ಅಡಿಯಾಗಿ ಮಲಗಿ ನಡುವಿನ ಎಲುಬನ್ನು ಬಹಳ ಹೊತ್ತು ನೋಡಿದಳು.

"ಹೆಣ್ಣಮಗಳು" ಎಂದಳು. ಆಮೇಲೆ ಕಾಲಿನ ಹರಡಿನ ಹತ್ತಿರ ಬೆರಳಿಟ್ಟಳು. "ಇಲ್ಲಿ ನೋಡ್ರಿ ಅಕ್ಕಾ, ಎಲುಬು ಸವದದ. ಇಕಿ ಜೀವಮಾನ ಎಲ್ಲಾ ಕುಕ್ಕರಗಾಲಿನಾಗೇ ಕುಂತು ಕೆಲಸ ಮಾಡ್ಯಾಳ."

ಮೌಲಮ್ಮ ತಾನು ಕೂತ ಭಂಗಿ ನೋಡಿಕೊಂಡಳು. "ನಮ್ಮಂಗ?"

"ಹೂಂ. ನಿಮ್ಮಂಗ."

"ಅಯ್ಯ ಶಿವನೇ!" ಹೀರಾಬಾಯಿ ಹಣೆ ಬಡಿದುಕೊಂಡಳು. "ಅವಾಗಿಂದ ಕುಂತೇ ಇದ್ದೀವೇನ ನಾವು? ಯಾರೂ ಏಳು ಅಂದೇ ಇಲ್ಲ?"

ಗುಂಡಿಯೊಳಗಿನ ಹೆಂಗಸರೆಲ್ಲ ನಕ್ಕರು. ನಗು ನಿಂತ ಮೇಲೆ ಮೌಲಮ್ಮ ಮೆಲ್ಲಗೆ ಕೇಳಿದಳು, "ಇಕಿ ಯಾ ಜಾತಿ ಇರಬೇಕ್ರಿ ಮೇಡಂ?"

"ನಾಕು ಸಾವಿರ ವರ್ಷದ ಮಾತು. ಇಕಿ ಸತ್ತಾಗ ಜಾತಿ ಹುಟ್ಟಿರಲಿಲ್ಲ ಅಕ್ಕಾ."

ದೇವರಿಲ್ಲ ಎಂದಿದ್ದರೂ ಮೌಲಮ್ಮನಿಗೆ ಅಷ್ಟು ಗಾಬರಿ ಆಗುತ್ತಿರಲಿಲ್ಲ. ಅಂಥದ್ದೊಂದು ಕಾಲ ಇದೇ ಊರಿನಲ್ಲಿ, ಇದೇ ದಿಬ್ಬದ ಮೇಲೆ ಇತ್ತೇ? ಇದೇ ಹೊಳೆಯ ನೀರನ್ನು ಈಕೆ ಬಗ್ಗದೆ ಕುಡಿದಿದ್ದಳೇ?

ಬೆರಳೆಲುಬುಗಳಿಂದ ಗೇಣು ದೂರದಲ್ಲಿ ಒಂದು ಗುಂಡುಕಲ್ಲು ಸಿಕ್ಕಿತು. ಕಪ್ಪಗೆ, ನುಣ್ಣಗೆ, ಮುಷ್ಟಿಗಾತ್ರ. ಮೌಲಮ್ಮ ಅದರ ಸುತ್ತ ಮಣ್ಣು ಬಿಡಿಸುವಾಗ ಬೆರಳು ಕೆಳಗಿನ ಇನ್ನೊಂದು ಕಲ್ಲಿನ ಅಂಚಿಗೆ ತಾಗಿತು. ಅಗಲದ ಕಲ್ಲು. ನಡುವೆ ತಗ್ಗು.

"ಮೇಡಂ, ತೆಳಗ ಇನ್ನೊಂದು ಕಲ್ಲದ."

"ಬೆಳಕು ಹೋಯ್ತು ಅಕ್ಕಾ. ನಾಳಿ ತೆಗಿಯೋಣು." ಮೇಡಂ ಎಲುಬುಗಳ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದಳು. ಆ ನಾಳೆ ಬರಲಿಲ್ಲ.

ಗೌಡರ ತಮ್ಮನ ಮಗ ಸಂಜೆ ಹಾಳೆ ಹೊದಿಸುವ ಮೊದಲೇ ಅಲ್ಲಿಗೆ ಬಂದು ದಂಡೆಯ ಮೇಲಿಂದ ಫೋಟೋ ಹೊಡೆದುಕೊಂಡಿದ್ದ. ಮಲಗಿದವಳ ಫೋಟೋವನ್ನು ಫೋನಿನಲ್ಲಿ ಒಂದು ಸಲ ತಿರುಗಿಸಿದರೆ ಏನಾಗುತ್ತದೆ? ಎದ್ದು ಕೂರುತ್ತಾಳೆ. ಮೊಣಕಾಲು ಮಡಚಿ, ಕೈ ಎದೆಯ ಮುಂದೆ ತಂದು, ಬೆರಳ ತುದಿಯಲ್ಲಿ ಕರೀ ಗುಂಡುಕಲ್ಲು ಹಿಡಿದವಳ ಹಾಗೆ. ಗೌಡರ ಮಂದಿ ತಮ್ಮ ಸತ್ತವರನ್ನು ಮಲಗಿಸುವುದಿಲ್ಲ. ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಕೊಡುತ್ತಾರೆ. ತಲೆತಲಾಂತರದಿಂದ ಹಾಗೆ ನೋಡಿದ ಕಣ್ಣಿಗೆ ಇದು ಮತ್ತೆ ಹೇಗೆ ಕಂಡೀತು? ಬೆಳಗಾಗುವುದರೊಳಗೆ ಊರಿನ ಫೋನುಗಳಲ್ಲೆಲ್ಲ ಅದೇ ಚಿತ್ರ. ಯಾವುದೋ ಕಾಲದ ಶರಣರೊಬ್ಬರ ಗದ್ದುಗೆ ಸಿಕ್ಕಿದೆ ಎಂಬ ಸುದ್ದಿ ಕೋಡ್ಲಾ ದಾಟಿ ಸೇಡಂ ಸೇರಿತು.

ಮೊದಲ ದಿನ ಅದು ತಪ್ಪು ತಿಳಿವಳಿಕೆಯೇ ಇದ್ದೀತು. ಮುದುಕಿಯರು ಖರೆ ಭಕ್ತಿಯಿಂದಲೇ ಕಾಯಿ ತಂದರು, ಅವರನ್ನು ಬೈಯುವುದು ಬೇಡ. ಮರುದಿನ ಅದು ತಪ್ಪು ತಿಳಿವಳಿಕೆಯಾಗಿ ಉಳಿದಿರಲಿಲ್ಲ. ಗದ್ದುಗೆ ಇದ್ದಲ್ಲಿ ರಸ್ತೆ ಹಾಯುವುದಿಲ್ಲ ಎಂಬುದು ಗುರುಲಿಂಗಪ್ಪ ಗೌಡರಿಗೆ ಹೊಳೆದಿತ್ತು. ರಸ್ತೆ ಹಾಯದಿದ್ದರೆ ತೊಗರಿ ಹೊಲವೂ ಉಳಿಯುತ್ತದೆ.

ಗುಂಡಿಯ ಮೇಲೆ ಶಾಮಿಯಾನ ಎದ್ದಿತು. ಸುತ್ತ ಹಗ್ಗ ಕಟ್ಟಿದರು. ಮೌಲಮ್ಮ ಎಂದಿನಂತೆ ಬುಟ್ಟಿ ಹಿಡಿದು ಬಂದಾಗ ಗೌಡರ ಆಳು ಅಡ್ಡ ನಿಂತ.

"ಹಗ್ಗದ ಆಚೀಗೇ ನಿಂದ್ರು. ಗದ್ದುಗಿ ಅದು."

"ನಾನೇ ತಗದೀನಲ್ಲೋ ಅದನ್ನ!"

"ಆವಾಗ ಗೊತ್ತಿದ್ದಿಲ್ಲ. ಈಗ ಗೊತ್ತಾಗೇದ."

ಅವಳ ಕಣ್ಣೆದುರೇ ಅವನು ತಂಬಿಗೆಯಲ್ಲಿ ಗೋಮೂತ್ರ ತಂದು ಚಿಮುಕಿಸಿದ. ಎಲ್ಲಿ ಚಿಮುಕಿಸಿದ? ಅವಳು ಕುಕ್ಕರಗಾಲಿನಲ್ಲಿ ಕೂತು ಸವೆಸಿದ ಜಾಗದಲ್ಲಿ. ಅವಳ ಹಿಮ್ಮಡಿಯ ಗುರುತು ಇನ್ನೂ ಅಲ್ಲೇ ಇತ್ತು. ಮೌಲಮ್ಮನ ಮೈ ಉರಿಯಿತು. ಆ ಎಲುಬಿನ ಒಂದೊಂದು ಸಂದಿಯೂ ತನ್ನ ಬೆರಳು ಕಂಡದ್ದು. ಮೈಲಿಗೆ ಆಗುವುದಿದ್ದರೆ ಅದು ಎಂದೋ ಆಗಿಹೋಗಿದೆ, ಇನ್ನು ಯಾವ ಮೂತ್ರದಿಂದ ಏನನ್ನು ತೊಳೆಯುತ್ತಾನೆ ಈ ಮೂಳ? ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಯಾರ ಕೈ, ಯಾರ ಬಾಯಿ ಎಂದು ಹೇಳುವುದಿಲ್ಲ.

ಅಂದು ಮಧ್ಯಾಹ್ನ ರಸ್ತೆಯ ಗೂಟಗಳು ಜಾಗ ಬದಲಿಸಿದವು. ಗೌಡರ ಹೊಲದಿಂದ ಕಿತ್ತ ಗೂಟಗಳನ್ನು ರಸ್ತೆಯ ಎಂಜಿನಿಯರನ ಮಂದಿ ದಿಬ್ಬದ ದಕ್ಷಿಣಕ್ಕೆ, ಹಳ್ಳದ ಪಕ್ಕದ ಜಾಲಿಯಲ್ಲಿ ಹುಗಿದರು. ಅದು ಖಾಲಿ ಜಾಗವೆಂದು ಎಂಜಿನಿಯರನ ನಕ್ಷೆ ಹೇಳುತ್ತಿತ್ತು. ನಕ್ಷೆಗೆ ಏನು ಗೊತ್ತು? ಅದು ಕೇರಿಯ ಮಸಣ. ಊರ ರುದ್ರಭೂಮಿಯಲ್ಲಿ ಜಾಗ ಕೊಡದ್ದಕ್ಕೆ ಮೌಲಮ್ಮನ ಅಜ್ಜಿ ಮುತ್ತಜ್ಜಿಯರೆಲ್ಲ ಅಲ್ಲಿಗೇ ಹೋಗಿ ಮಲಗಿದ್ದರು. ಕಾಮಾಲೆಯಲ್ಲಿ ಹೋದ ಮಗಳು ಸುಜಾತಾ ಅಲ್ಲಿದ್ದಳು. ಶಹಾಬಾದಿನ ಕಲ್ಲುಗಣಿಯಲ್ಲಿ ದುಡಿಯುವ ಮಾಣಿಕಪ್ಪ, ಅಂದರೆ ಮೌಲಮ್ಮನ ಗಂಡ, ಒಡೆದ ಫರಸಿಕಲ್ಲೊಂದನ್ನು ಭುಜದ ಮೇಲೆ ಹೊತ್ತು ತಂದು ಮಗಳ ತಲೆಯ ಹತ್ತಿರ ನಿಲ್ಲಿಸಿದ್ದ. ಹೆಸರು ಬರೆಸಿರಲಿಲ್ಲ. ಹೆಸರು ಯಾರಿಗೆ ಬೇಕು, ಅವರಿಗೆ ಗೊತ್ತಿತ್ತು.

ಮೌಲಮ್ಮ ಹೋಗಿ ನೋಡಿದಾಗ ಫರಸಿ ಅಡ್ಡ ಬಿದ್ದಿತ್ತು. ತುದಿಗೆ ಕೆಂಪು ಬಣ್ಣ ಬಳಿದ ಕಟ್ಟಿಗೆಯ ಗೂಟವೊಂದು ಮಗಳ ಎದೆಯ ನೇರಕ್ಕೆ ನಿಂತಿತ್ತು.

ಅವಳು ಅಳಲಿಲ್ಲ. ಫರಸಿಯನ್ನು ಎತ್ತಿ ನಿಲ್ಲಿಸಿದಳು. ಗೂಟಕ್ಕೆ ಕೈ ಹಾಕಿದಳು, ಅಲುಗಾಡಿಸಿದಳು, ಬಿಟ್ಟಳು. ಒಂದು ಗೂಟ ಕಿತ್ತರೆ ಗೆರೆ ಅಳಿಯುವುದಿಲ್ಲ. ಗೆರೆಯ ಬುಡ ಆ ಶಾಮಿಯಾನದ ಕೆಳಗಿದೆ.

ಗೌಡರು ಅವಳಿಗೆ ಹೇಳಿ ಕಳಿಸಿದರು. ಅವಳು ಹೋಗಿ ಕಟ್ಟೆಯ ಕೆಳಗೆ ನಿಂತಳು. ಅವರು ಕಟ್ಟೆಯ ಮೇಲೆ ವಿಭೂತಿ ಹಚ್ಚಿಕೊಂಡು ಕೂತಿದ್ದರು. ದನಿ ಎಂದಿನ ಹಾಗಿರಲಿಲ್ಲ, ಬೆಲ್ಲ ಹಚ್ಚಿತ್ತು.

"ನಾಳಿ ದೊಡ್ಡ ಸಾಹೇಬರು ಪಂಚನಾಮಿಗಿ ಬರ್ತಾರ ಮೌಲಮ್ಮ. ಕಲ್ಲು ಮೊದಲು ಕಂಡಾಕಿ ನೀ. ನಿನ್ನೇ ಕೇಳ್ತಾರ. ಅಂಗೈಯಾಗ ಇತ್ತು ಅನ್ನು. ಅಷ್ಟೇ."

"ಅಂಗೈಯಾಗ ಇದ್ದಿಲ್ರಿ ಗೌಡ್ರ. ಗೇಣು ಆಚೀಗಿ ಇತ್ತು."

"ಗೇಣು ಏನ್ ಮಹಾ ದೂರನು?" ಗೌಡರು ನಕ್ಕರು. "ಗದ್ದುಗಿ ಆದ್ರ ಊರಿಗಿ ಹೆಸರು. ಹೊರಗ ಕಸ ಹೊಡಿಯೋ ಕೆಲಸ ನಿನಗೇ ಕಾಯಂ ಮಾಡ್ತೀನಿ."

"ನನ್ನ ಮಗಳ ಮ್ಯಾಲ ಗೂಟ ಹುಗದಾರ್ರಿ."

"ಹಳ್ಳದ ಆಚೀ ಮತ್ತೊಂದು ಜಾಗ ತೋರಸ್ತೀನಿ. ಎಬ್ಬಿಸಿ ಅಲ್ಲಿ ಇಟಗೋರಿ. ಸತ್ತೋರಿಗಿ ಎಲ್ಲಿದ್ರೇನು?"

ಸತ್ತವರಿಗೆ ಎಲ್ಲಿದ್ದರೇನಂತೆ! ನಾಕು ಸಾವಿರ ವರ್ಷದ ಹಿಂದೆ ಸತ್ತವಳಿಗೆ ಶಾಮಿಯಾನ, ಮೊನ್ನೆ ಸತ್ತವಳಿಗೆ ಜೆಸಿಬಿ. ಮಾತು ನಾಲಿಗೆಯ ತುದಿಗೆ ಬಂತು. ನುಂಗಿದಳು. ಕೇರಿಗೆ ಕಳೆ ತೆಗೆಯುವ ಕೆಲಸ, ತೊಗರಿ ಕೊಯ್ಯುವ ಕೆಲಸ, ಎಲ್ಲವೂ ಈ ಕಟ್ಟೆಯಿಂದಲೇ ಬರಬೇಕು. ಹೂಂ ಎನ್ನದೆಯೇ ಕೇರಿಯ ದಾರಿ ಹಿಡಿದಳು.

ಮನೆಯಲ್ಲಿ ಮಾಣಿಕಪ್ಪ ಎಲ್ಲವನ್ನೂ ಕೇಳಿ ಬೀಡಿ ಹಚ್ಚಿದ.

"ಹೌದು ಅಂದುಬಿಡಬೇಕೇನು?" ಎಂದು ಅವಳೇ ಕೇಳಿದಳು.

"ನನಗ ಕೇಳಬ್ಯಾಡ" ಎಂದ ಅವನು. "ಆ ಫರಸಿ ನಾ ಹೊತ್ತೀನಿ. ಭುಜದ ಮ್ಯಾಲ ಇನ್ನಾ ಗಾಯ ಅದ."

ಮರುದಿನ ಜೀಪುಗಳು ಬಂದವು. ದೊಡ್ಡ ಸಾಹೇಬರು, ಅವರ ಜೊತೆ ರಸ್ತೆಯ ಎಂಜಿನಿಯರ ಸಂಗಮೇಶ್ವರ, ಪೊಲೀಸರು, ಮೊಬೈಲು ಎತ್ತಿ ಹಿಡಿದ ಜನ. ಹಗ್ಗದ ಆಚೆ ಬಿಸಿಲಿನಲ್ಲಿ ಕೇರಿಯ ಹೆಂಗಸರು. ಅತೀಯಾ ಮೇಡಂ ಹಗ್ಗದ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಅಕ್ಕಾ, ನನಗ ಮಾತಾಡಬ್ಯಾಡ ಅಂತ ಮ್ಯಾಲಿನವರು ಹೇಳ್ಯಾರ. ಖರೆ ಏನದ ಅದನ್ನ ನಾ ವರದಿಯಾಗ ಬರದೇ ಬರೀತೀನಿ" ಎಂದಳು.

"ವರದಿ ಯಾವಾಗ ಬರತದ್ರಿ?"

"ಆರು ತಿಂಗಳಾಗಬಹುದು."

"ಅಷ್ಟೊತ್ತಿಗಿ ನನ್ನ ಮಗಳ ಮ್ಯಾಲ ಲಾರಿ ಓಡಾಡತಿರತಾವ" ಎಂದಳು ಮೌಲಮ್ಮ.

ಸಾಹೇಬರು ಕುರ್ಚಿಯಲ್ಲಿ ಕೂತು ಕರೆದರು. "ಯಾರಮ್ಮಾ ಮೌಲಮ್ಮ? ಕಲ್ಲು ಎಲ್ಲಿತ್ತು, ಹೇಳು."

ಜನರೆಲ್ಲ ತಿರುಗಿ ನೋಡಿದರು. ಗೌಡರು ಮೆಲ್ಲಗೆ ತಲೆಯಾಡಿಸಿದರು, ಹೇಳು ಹೇಳು ಎನ್ನುವಂತೆ.

"ಹೇಳಂಗಿಲ್ರಿ" ಎಂದಳು ಮೌಲಮ್ಮ.

"ಯಾಕೆ?"

"ನನ್ನ ಮಾತು ಯಾರು ನಂಬತಾರ? ತೋರಸ್ತೀನಿ."

ಹಗ್ಗ ಎತ್ತಿದಳು. ಬಗ್ಗಿ ಒಳಗೆ ನುಸುಳಲಿಲ್ಲ. ಹಗ್ಗವನ್ನು ತಲೆಯ ಮೇಲಕ್ಕೆ ಎತ್ತಿ, ನೆಟ್ಟಗೆ ನಡೆದು ಒಳಗೆ ಬಂದಳು. ಗೌಡರ ಆಳು ಓಡಿ ಬಂದ. ಮುಟ್ಟಿ ತಡೆಯಬೇಕು, ಮುಟ್ಟಿದರೆ ಮೈಲಿಗೆ. ಕೈ ಮುಂದೆ ಚಾಚಿ ಅಲ್ಲೇ ನಿಂತುಬಿಟ್ಟ. ಅವರ ಮಡಿಯೇ ಅಂದು ಅವಳಿಗೆ ದಾರಿ ಬಿಟ್ಟಿತು.

"ಇಳೀಬ್ಯಾಡ! ಗದ್ದುಗಿ ಅದು!" ಗೌಡರು ಕುರ್ಚಿಯಿಂದ ಎದ್ದರು.

"ಇಷ್ಟು ದಿನ ಇಳದಾಕಿ ಯಾರ್ರಿ? ನಿಮ್ಮವ್ವ ಇಳದಿದ್ದಳೇನು?"

ಮೌಲಮ್ಮ ಇಳಿದಳು. ಎಲ್ಲಿ ಕಾಲಿಡಬೇಕೆಂದು ಅವಳ ಕಾಲಿಗೆ ಗೊತ್ತಿತ್ತು. ಎಲುಬಿಗೆ ಸೆರಗು ಸಹ ತಾಗಿಸದೆ ತನ್ನ ಹಳೆಯ ಜಾಗದಲ್ಲಿ ಕುಕ್ಕರಗಾಲಿನಲ್ಲಿ ಕೂತಳು. ಹೂವು ಸರಿಸಿದಳು. ಊದಿನಕಡ್ಡಿ ಕಿತ್ತು ಆಚೆ ಇಟ್ಟಳು. ಸೊಂಟದಿಂದ ಕರಣಿ ತೆಗೆದು ಕೆರೆಯತೊಡಗಿದಳು.

ಪೊಲೀಸನೊಬ್ಬ ದಂಡೆಗೆ ಬಂದ. "ಮ್ಯಾಲ ಬಾ. ಇಲ್ಲಾಂದ್ರ ಎಳೀಬೇಕಾಗತದ."

"ಎಳೀರಿ. ಆದ್ರ ನೋಡಕೋರಿ, ನನ್ನ ಕಾಲು ಜಾರಿದ್ರ ನಿಮ್ಮ ಶರಣರ ತಲಿ ಪುಡಿ ಆಗತದ."

ಪೊಲೀಸ ಹಿಂದೆ ಸರಿದ. ಶಾಮಿಯಾನದ ಕೆಳಗೆ ಒಂದೇ ಸದ್ದು: ಸರ್, ಸರ್, ಕರಣಿ ಮಣ್ಣು ಕೆರೆಯುವ ಸದ್ದು. ಸಾಹೇಬರು ಏನೋ ಹೇಳಹೋದರು. ಅಷ್ಟರಲ್ಲಿ ಅತೀಯಾ ಮೇಡಂ ಯಾರನ್ನೂ ಕೇಳದೆ ಗುಂಡಿಗೆ ಇಳಿದಳು. ಮೌಲಮ್ಮನ ಎದುರಿಗೆ ಕೂತು ಬ್ರಶ್ ಕೈಗೆ ಕೊಟ್ಟಳು. ಎಲ್ಲರ ಕಣ್ಣೆದುರು ಕೈಯಿಂದ ಕೈಗೆ ಕೊಟ್ಟಳು.

ಮಣ್ಣು ಸರಿಯಿತು. ಅಗಲದ ಕಲ್ಲಿನ ಅಂಚು ಬಂತು, ಆಮೇಲೆ ಮೈ. ನಡುವೆ ಉದ್ದಕ್ಕೆ ತಗ್ಗು, ಕೈ ಹಚ್ಚಿದರೆ ಜಾರುವಷ್ಟು ನುಣುಪು. ವರ್ಷಗಟ್ಟಲೆ ಒಂದೇ ಕಡೆ ಉಜ್ಜದೆ ಕಲ್ಲು ಹಾಗೆ ಸವೆಯುವುದಿಲ್ಲ. ಹಗ್ಗದ ಆಚೆ ಹೀರಾಬಾಯಿ ಮೊದಲು ಕೂಗಿದಳು, "ಎವ್ವಾ, ಅರಿಯೋ ಕಲ್ಲ ಅಲ್ಲೇನ ಅದು!"

ಮೌಲಮ್ಮ ಕರೀ ಗುಂಡನ್ನು ಎರಡೂ ಕೈಯಿಂದ ಎತ್ತಿ ಆ ತಗ್ಗಿನಲ್ಲಿಟ್ಟಳು. ಹಿಂದಕ್ಕೆ ಮುಂದಕ್ಕೆ ಒಮ್ಮೆ ಎಳೆದಳು. ಗರ್ ಎಂದಿತು. ಅಲ್ಲಿದ್ದ ಪ್ರತಿ ಹೆಂಗಸಿಗೂ, ಕಾಯಿ ತಂದ ಮುದುಕಿಯರಿಗೂ ಅದು ಗುರುತಿನ ಸದ್ದು. ಒಬ್ಬ ಮುದುಕಿ ಬಾಯಿಗೆ ಸೆರಗು ಹಿಡಿದಳು.

"ಶರಣರಲ್ಲರಿ, ಹೆಣ್ಣಮಗಳು" ಎಂದಳು ಮೌಲಮ್ಮ. ದನಿ ಏರಿಸಲಿಲ್ಲ. "ಇಕಿ ಕುಂತಿಲ್ಲ, ದುಡದು ದುಡದು ಸಾಕಾಗಿ ಮಲಗ್ಯಾಳ. ಕೈಯಾಗ ಲಿಂಗ ಇಲ್ಲ, ಅರಿಯೋ ಗುಂಡು ಬಗಲಾಗ ಅದ. ಬಸವಣ್ಣ ದುಡಿಯೋರ ಕಾಲು ಹಿಡದ ಅಂತ ವರ್ಷಾ ಪುರಾಣ ಹೇಳಸ್ತೀರಲ್ರಿ ಗೌಡ್ರ? ಇಕಿಗೂ ಕೈ ಮುಗೀರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಅರಿಯೋ ಕಲ್ಲಿಗಿ ಕೈ ಮುಗೀರಿ. ಸುಳ್ಳು ಹೇಳಿ ನನ್ನ ಮಗಳ ಎದಿ ಮ್ಯಾಲ ರಸ್ತೆ ಹೊಡೀಬ್ಯಾಡ್ರಿ."

"ಬಾಯಿ ಮುಚ್ಚು ಬೋಸಡಿ!" ಗೌಡರ ದನಿಯ ಬೆಲ್ಲ ಕರಗಿಹೋಗಿತ್ತು. "ನಿನ್ನ ಕೇರಿಗಿ ಈ ಊರಾಗ ಒಂದು ಕಾಳಿನ ಕೆಲಸ ಸಿಗಂಗಿಲ್ಲ. ನೋಡಕೋ."

"ನೋಡೋಣ್ರಿ. ನಿಮ್ಮ ತೊಗರಿ ಯಾರು ಕೊಯ್ತಾರ ಅದೂ ನೋಡೋಣು."

ಹೀರಾಬಾಯಿ ಹಗ್ಗ ಕಿತ್ತೆಸೆದಳು. ಒಬ್ಬೊಬ್ಬರಾಗಿ ಹೆಂಗಸರು ಬಂದು ಗುಂಡಿಯ ದಂಡೆಗುಂಟ ಕುಕ್ಕರಗಾಲಿನಲ್ಲಿ ಕೂತರು. ಯಾರೂ ಘೋಷಣೆ ಕೂಗಲಿಲ್ಲ. ಪೊಲೀಸರು ಸಾಹೇಬರ ಮುಖ ನೋಡಿದರು, ಸಾಹೇಬರು ಎಂಜಿನಿಯರನ ಮುಖ ನೋಡಿದರು. ಇಷ್ಟು ಮೊಬೈಲುಗಳ ಎದುರು ಯಾರು ಏನು ಮಾಡಿಯಾರು? ಕೊನೆಗೆ ಅತೀಯಾ ಮೇಡಂ ಗುಂಡಿಯೊಳಗಿಂದಲೇ, ಎಲ್ಲರಿಗೂ ಕೇಳುವಂತೆ ಹೇಳಿದಳು: "ಸರ್, ಇದು ಗದ್ದುಗೆ ಅಲ್ಲ. ಈ ಹೆಣ್ಣುಮಗಳು ಹೇಳಿದ್ದು ನಿಜ. ಪಂಚನಾಮೆಗೆ ನಾನು ಸಹಿ ಮಾಡುತ್ತೇನೆ."

ಸಾಹೇಬರು ಪುನಃ ಪರಿಶೀಲನೆ ಮಾಡೋಣ ಎಂದು ಜೀಪು ಹತ್ತಿದರು. ರಸ್ತೆ ಯಾವ ಕಡೆ ಎಂದು ಹೇಳಲಿಲ್ಲ. ಸರ್ಕಾರದವರು ಎಂದಾದರೂ ಹಾಗೆ ಹೇಳಿದ್ದಾರೆಯೇ? ಮೌಲಮ್ಮ ಅದಕ್ಕಾಗಿ ಕಾಯಲೂ ಇಲ್ಲ. ಗುಂಡಿಯಿಂದ ಮೇಲೆ ಬಂದು ನೇರ ಬೇವಿನಮರದ ಕಡೆ ನಡೆದಳು. ಆಳು ಚೆಂಬು ಹಿಡಿದು ನಿಂತಿದ್ದ. ಅವಳು ಬಗ್ಗಲಿಲ್ಲ. ಚೆಂಬನ್ನು ಅವನ ಕೈಯಿಂದ ಕಿತ್ತುಕೊಂಡು, ಡ್ರಮ್ಮಿಗೆ ಅದ್ದಿ, ನಿಂತೇ ಗಟಗಟ ಕುಡಿದಳು. ಉಳಿದದ್ದನ್ನು ಮುಖಕ್ಕೆ ಹೊಡೆದುಕೊಂಡಳು. ಚೆಂಬನ್ನು ಹೀರಾಬಾಯಿಯ ಕೈಗೆ ಕೊಟ್ಟಳು.

ಆಮೇಲೆ ಮಸಣಕ್ಕೆ ಹೋದಳು. ಗೂಟವನ್ನು ಎರಡೂ ಕೈಯಿಂದ ಹಿಡಿದು, ಹಿಂದಕ್ಕೆ ಮುಂದಕ್ಕೆ ಅಲುಗಿಸಿ, ಬುಡಸಮೇತ ಕಿತ್ತಳು. ಉಳಿದ ಹೆಂಗಸರು ತಮ್ಮ ತಮ್ಮವರ ಮೇಲಿನ ಗೂಟ ಕಿತ್ತರು.

ಸಂಜೆ ಎಂಜಿನಿಯರನ ಕಡೆಯ ಇಬ್ಬರು ಗೂಟ ಹುಡುಕುತ್ತ ಕೇರಿಗೆ ಬಂದಾಗ ಮೌಲಮ್ಮ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ರೊಟ್ಟಿ ಬಡಿಯುತ್ತಿದ್ದಳು. ಒಲೆಯಲ್ಲಿ ಕೆಂಪು ಬಣ್ಣ ಬಳಿದ ತುದಿ ಚಟಚಟ ಉರಿಯುತ್ತಿತ್ತು. ಮಾಣಿಕಪ್ಪ ಬಾಗಿಲಲ್ಲಿ ಕೂತು ರೊಟ್ಟಿ ಮುರಿಯುತ್ತಿದ್ದ.

"ಏ ಅವ್ವಾ! ಸರಕಾರದ ಗೂಟ ಅದು!"

ಮೌಲಮ್ಮ ತಲೆ ಎತ್ತಲಿಲ್ಲ. ಹಂಚಿನ ಮೇಲಿನ ರೊಟ್ಟಿ ತಿರುವಿದಳು. ರೊಟ್ಟಿ ಚೆಂದ ಉಬ್ಬಿತು.

"ಗೊತ್ತದ. ಚಲೋ ಉರಿಯಾಕತ್ತದ" ಎಂದಳು. "ನಾಳಿ ಮತ್ತ ಹುಗೀರಿ. ನಾಳಿನೂ ರೊಟ್ಟಿ ಮಾಡಬೇಕು ನಾ."